‘ಡಿಸ್ಕಸ್’ ಆದ್ಮೇಲೆ ‘ಅಬೌಟ್’ ಬರುತ್ತಾ? ನೀವೇ ಚೆಕ್ ಮಾಡ್ಕೊಳ್ಳೋದು ಹೀಗೆ

ಇಂಗ್ಲಿಷ್ ಕಲಿಯೋರು ನನ್ನ ಹತ್ರ ಜಾಸ್ತಿ ಕೇಳೋದು ಟೆನ್ಸ್ ಬಗ್ಗೆ ಅಲ್ಲ. ಈ ಪದ ಆದ್ಮೇಲೆ ‘ಟು’ ಬರುತ್ತಾ, ‘ಫಾರ್’ ಬರುತ್ತಾ, ‘ಇಂಗ್’ ಸೇರಿಸ್ಬೇಕಾ, ಏನೂ ಹಾಕ್ಬಾರ್ದಾ, ಇಷ್ಟೇ ಡೌಟು. ಆಕ್ಟಿವ್, ಪ್ಯಾಸಿವ್ ಎಲ್ಲಾ ಹೈಸ್ಕೂಲಲ್ಲೇ ಬಾಯಿಪಾಠ ಆಗಿರುತ್ತೆ, ಆದ್ರೆ ಆಫೀಸ್ ಮೇಲ್ ಬರೆಯೋವಾಗ ‘ರಿಕ್ವೆಸ್ಟ್’ ಅಂತ ಟೈಪ್ ಮಾಡಿದ ತಕ್ಷಣ ಕೈ ನಿಂತುಬಿಡುತ್ತೆ. ಆಗ ತುಂಬಾ ಜನ ಎರಡು ಥರಾನೂ ಗೂಗಲ್‌ಗೆ ಹಾಕಿ, ಯಾವುದಕ್ಕೆ ರಿಸಲ್ಟ್ ಜಾಸ್ತಿ ತೋರಿಸ್ತೋ ಅದನ್ನೇ ಬರೆದು ಕಳಿಸಿಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಆ ನಂಬರ್ ಬರೀ ಅಂದಾಜು, ಮೇಲಾಗಿ ತಪ್ಪು ಬರೆದಿರೋ ಪೇಜೂ, ‘ಹೀಗೆ ಬರೀಬೇಡಿ’ ಅಂತ ಆ ತಪ್ಪನ್ನೇ ಎತ್ತಿ ತೋರಿಸೋ ಪೇಜೂ ಎರಡೂ ಅದೇ ಲೆಕ್ಕದಲ್ಲಿ ಸೇರ್ಕೊಂಡಿರುತ್ತೆ.

ಇದಕ್ಕೆ ಅಂತಾನೇ ಕಾರ್ಪಸ್‌ಗಳಿವೆ. ಕಾರ್ಪಸ್ ಅಂದ್ರೆ ಜನ ನಿಜವಾಗಿ ಬರೆದ, ಆಡಿದ ಮಾತುಗಳನ್ನ ಒಟ್ಟುಮಾಡಿ ಹುಡುಕೋಕೆ ಅನುಕೂಲ ಆಗೋ ಹಾಗೆ ಜೋಡಿಸಿಟ್ಟ ಸಂಗ್ರಹ. ಅಮೆರಿಕದ ಬ್ರೌನ್ ಯೂನಿವರ್ಸಿಟಿಯವರು 1961ರಲ್ಲಿ ಪ್ರಿಂಟಾದ ಬರಹಗಳಿಂದ 500 ತುಣುಕು ತೆಗೆದು, ಒಂದೊಂದೂ ಸುಮಾರು 2,000 ಪದ, ಒಟ್ಟು 10 ಲಕ್ಷ ಪದದ ಕಾರ್ಪಸ್ ಮಾಡಿದ್ರು. ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರದಲ್ಲಿ ಶಿವಾಜಿ ಯೂನಿವರ್ಸಿಟಿಯವರು 1978ರ ಭಾರತೀಯ ಇಂಗ್ಲಿಷ್ ಬರಹ ಇಟ್ಕೊಂಡು ಅದೇ ಅಳತೆಗೆ ಇನ್ನೊಂದು ಮಾಡಿದ್ರು. ಈಗ ನಾವು ಬಳಸೋದು ಇನ್ನೂ ದೊಡ್ಡವು: ಬ್ರಿಟನ್ನಿನ ಬಿಎನ್‌ಸಿ (BNC) ಕಾರ್ಪಸಲ್ಲಿ 10 ಕೋಟಿ ಪದ, ಅಮೆರಿಕದ ಕೋಕಾ (COCA) ಕಾರ್ಪಸಲ್ಲಿ 1990ರಿಂದ 2019ರವರೆಗಿನ ಸುಮಾರು 100 ಕೋಟಿ ಪದ.

ಮೊದಲನೇ ಹಂತ. ಡೌಟ್ ಇರೋ ಪದ ನಿಮ್ಮ ವಾಕ್ಯದಲ್ಲಿ ನಾಮಪದವೋ ಕ್ರಿಯಾಪದವೋ ನೋಡಿ. ಅರ್ಧ ತಪ್ಪು ಇಲ್ಲೇ ಹುಟ್ಟೋದು. ‘ಎ ಡಿಸ್ಕಷನ್ ಅಬೌಟ್ ಸ್ಯಾಲರಿ’ ಸರಿ, ಆದ್ರೆ ‘ವಿ ಡಿಸ್ಕಸ್ಡ್ ಸ್ಯಾಲರಿ’, ನಡುವೆ ಏನೂ ಬೇಡ. ‘ಎ ರಿಕ್ವೆಸ್ಟ್ ಫಾರ್ ಲೀವ್’, ಆದ್ರೆ ‘ಐ ರಿಕ್ವೆಸ್ಟೆಡ್ ಲೀವ್’. ‘ಎಂಫಸಿಸ್ ಆನ್ ಕ್ವಾಲಿಟಿ’, ಆದ್ರೆ ‘ವಿ ಎಂಫಸೈಸ್ ಕ್ವಾಲಿಟಿ’. ನಾಮಪದದ ಜೊತೆ ಬರೋ ‘ಫಾರ್’, ‘ಆನ್’ ಎಲ್ಲಾನೂ ಕ್ರಿಯಾಪದಕ್ಕೂ ಅಂಟಿಸಿಬಿಡ್ತೀವಿ, ತಪ್ಪಾಗೋದು ಅಲ್ಲಿ.

ಎರಡನೇ ಹಂತ, ಡಿಕ್ಷನರಿ. ಕಲಿಯೋರಿಗೆ ಅಂತ ಮಾಡಿರೋ ಆಕ್ಸ್‌ಫರ್ಡ್, ಕೇಂಬ್ರಿಜ್ ಡಿಕ್ಷನರಿ ಆನ್‌ಲೈನಲ್ಲಿ ಫ್ರೀ ಇದೆ, ಅರ್ಥ ಓದಿ ಮುಚ್ಚಬೇಡಿ, ಕೆಳಗಿನ ಉದಾಹರಣೆ ವಾಕ್ಯ ಓದಿ.

ಮೂರನೇದು, ಟೂಲ್ ಆರಿಸೋದು. ಹೊಸಬರು ಸ್ಕೆಲ್ (SkELL) ಅನ್ನೋ ವೆಬ್‌ಸೈಟ್ ಇಂದಾನೇ ಶುರುಮಾಡಿ, ಲಾಗಿನ್ ಬೇಡ, ಪದ ಹಾಕಿದ್ರೆ ಒಳ್ಳೆ ಉದಾಹರಣೆ ವಾಕ್ಯಗಳನ್ನ ಆರಿಸಿ ಕೊಡುತ್ತೆ. ಕೈ ಪಳಗಿದ ಮೇಲೆ ಕೋಕಾಗೆ ಹೋಗಿ, ಅಲ್ಲಿ ರಿಜಿಸ್ಟರ್ ಆಗ್ಬೇಕು, ಫ್ರೀ ಅಕೌಂಟಿಗೆ ದಿನಕ್ಕೆ ಇಷ್ಟೇ ಸರ್ಚ್ ಅಂತ ಮಿತಿ ಇದೆ, ಕಲಿಯೋಕೆ ಅಷ್ಟು ಧಾರಾಳ ಸಾಕು. ಒಂದು ಪದ ಯಾವ ವರ್ಷ ಎಷ್ಟು ಬಳಕೆಯಲ್ಲಿತ್ತು ಅಂತ ತೋರಿಸೋ ಗೂಗಲ್‌ನ ಎನ್‌ಗ್ರಾಮ್ ಗ್ರಾಫ್ ನೋಡೋಕೆ ಚೆಂದ, ಆದ್ರೆ ಅದು ಬರೀ ಪುಸ್ತಕಗಳದ್ದು, ಅಕ್ಕಪಕ್ಕದ ವಾಕ್ಯಾನೂ ತೋರಿಸಲ್ಲ, ಅದನ್ನ ನಂಬ್ಕೊಂಡು ತೀರ್ಮಾನ ಮಾಡ್ಬೇಡಿ. ಎಐ ಚಾಟ್‌ಬಾಟ್‌ಗೆ ಹತ್ತು ಉದಾಹರಣೆ ಕೊಡು ಅಂದ್ರೆ ತಾನೇ ಹೊಸೆದು ಕೊಡುತ್ತೆ, ನಮಗೆ ಬೇಕಿರೋದು ಯಾರೋ ಒಬ್ರು ನಿಜವಾಗ್ಲೂ ಬಳಸಿದ ವಾಕ್ಯ. ಇನ್ನು 30 ದಿನದಲ್ಲಿ ಇಂಗ್ಲಿಷ್ ಅಂತ ಬಸ್ ಸ್ಟ್ಯಾಂಡಲ್ಲಿ ಸಿಗೋ ಪುಸ್ತಕಗಳಲ್ಲಿ ಒಂದು ಇಂಗ್ಲಿಷ್ ಪದದ ಎದುರು ಒಂದು ಕನ್ನಡ ಪದ ಅಷ್ಟೇ ಇರುತ್ತೆ, ಪಕ್ಕದಲ್ಲಿ ಏನು ಬರುತ್ತೆ ಅನ್ನೋ ಸುದ್ದೀನೇ ಇಲ್ಲ, ಆ ದುಡ್ಡು ಉಳಿಸಿ.

ಈಗ ನಾಲ್ಕನೇ ಹಂತ, ಸಾಲು ಓದೋದು. ಎಲ್ರೂ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಕಾರ್ಪಸಲ್ಲಿ ಸಾಲುಗಳು ಒಂದರ ಕೆಳಗೆ ಒಂದು ಬರುತ್ತೆ, ನೀವು ಹುಡುಕಿದ ಪದ ನಡುವೆ ನೆಟ್ಟಗೆ ನಿಂತಿರುತ್ತೆ, ಎಡಕ್ಕೂ ಬಲಕ್ಕೂ ಒಂದಷ್ಟು ಪದ. ಬಲಗಡೆಯ ಮೊದಲನೇ ಪದದ ಪ್ರಕಾರ ಸಾರ್ಟ್ ಮಾಡಿ, ಆಗ ಒಂದೇ ಥರದವು ಒಟ್ಟಿಗೆ ಗುಂಪಾಗುತ್ತೆ. ಈಗ ಎಣಿಸೋಕೆ ಹೋಗ್ಬೇಡಿ, ಓದಿ.

ಯಾಕೆ ಓದ್ಬೇಕು ಅಂದ್ರೆ, ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಸರೀನಾ ಅಂತ ಚೆಕ್ ಮಾಡೋಕೆ ಒಬ್ರು ‘ಫಾರ್ವರ್ಡ್ ಟು ಮೀಟ್’ ಅಂತ ಮಾತ್ರ ಹಾಕ್ತಾರೆ ಅಂದ್ಕೊಳ್ಳಿ. ಸಾಲು ಬರುತ್ತೆ. ನೋಡಿದ್ರಾ ಇದೆ, ಸರಿ ಇದೆ ಅಂತ ಟ್ಯಾಬ್ ಮುಚ್ಚಿಬಿಡ್ತಾರೆ. ಎಡಗಡೆ ಓದಿದ್ರೆ ಗೊತ್ತಾಗುತ್ತೆ, ಅಲ್ಲಿ ಇರೋದು ‘ಶಿ ಸ್ಟೆಪ್ಡ್ ಫಾರ್ವರ್ಡ್ ಟು ಮೀಟ್ ಹಿಮ್’ ಥರದ ವಾಕ್ಯ, ಅವಳು ಅವನನ್ನ ಎದುರುಗೊಳ್ಳೋಕೆ ಮುಂದೆ ಹೆಜ್ಜೆ ಇಟ್ಟಳು ಅಂತ. ಆ ವಾಕ್ಯ ಸರಿ, ಆದ್ರೆ ಅದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲವೇ ಅಲ್ಲ. ‘ಲುಕ್’ ಸೇರಿಸಿ ಹುಡುಕಿ, ಆಗ ಬಲಗಡೆ ‘ಟು ಮೀಟಿಂಗ್’, ‘ಟು ಸೀಯಿಂಗ್’, ‘ಟು ಹಿಯರಿಂಗ್’ ಸಾಲುಸಾಲಾಗಿ ಬರುತ್ತೆ, ಜೊತೆಗೆ ‘ಟು ದ ವೀಕೆಂಡ್’ ಥರದವೂ ಇರುತ್ತೆ. ಅದೇ ಸುಳಿವು. ‘ಟು’ ಆದ್ಮೇಲೆ ನಾಮಪದ ಕೂರೋ ಜಾಗದಲ್ಲಿ ಕ್ರಿಯಾಪದ ಹಾಕ್ಬೇಕಾದ್ರೆ ‘ಇಂಗ್’ ರೂಪಾನೇ ಹಾಕ್ಬೇಕು.

‘ಯೂಸ್ಡ್ ಟು’ ಕೂಡ ಹಾಗೇ, ಉತ್ತರ ಎಡಗಡೆ ಇದೆ. ‘ಐ ಯೂಸ್ಡ್ ಟು ಲಿವ್ ಇನ್ ಹಾಸನ’ ಅಂದ್ರೆ ಮೊದಲು ಇದ್ದೆ, ಈಗಿಲ್ಲ. ‘ಐ ಆ್ಯಮ್ ಯೂಸ್ಡ್ ಟು ಲಿವಿಂಗ್ ಅಲೋನ್’ ಅಂದ್ರೆ ಒಬ್ಬನೇ ಇದ್ದು ರೂಢಿ ಆಗಿದೆ. ‘ಆ್ಯಮ್’, ‘ಈಸ್’, ‘ವಾಸ್’ ಇದೆಯಾ ನೋಡಿ, ಇದ್ದು ಅರ್ಥ ರೂಢಿ ಅಂತಾದ್ರೆ ‘ಇಂಗ್’. ‘ಗೆಟ್’, ‘ಗಾಟ್’ ಇದ್ರೂ ಅಷ್ಟೇ.

ಇನ್ನೊಂದು ‘ಸಜೆಸ್ಟ್’. ನಮ್ಮವರು ಧೈರ್ಯವಾಗಿ ‘ಹಿ ಸಜೆಸ್ಟೆಡ್ ಮಿ ಟು ಗೋ’ ಅಂತ ಬರೀತಾರೆ, ‘ಅಡ್ವೈಸ್ಡ್ ಮಿ ಟು ಗೋ’ ಸರಿ ಇರೋದ್ರಿಂದ ಇದೂ ಸರಿ ಅನ್ಸುತ್ತೆ. ಸಾಲುಗಳನ್ನ ತೆರೆದ್ರೆ ‘ಸಜೆಸ್ಟ್ ದಟ್’, ‘ಸಜೆಸ್ಟೆಡ್ ಗೋಯಿಂಗ್’, ‘ಸಜೆಸ್ಟೆಡ್ ಎ ವಾಕ್’ ಇವೇ ತುಂಬಿರುತ್ತೆ, ವ್ಯಕ್ತಿ ಬರ್ಬೇಕಾದ್ರೆ ‘ಸಜೆಸ್ಟೆಡ್ ಟು ಮಿ ದಟ್’ ಅಂತ ನಡುವೆ ‘ಟು’ ಹಾಕ್ಕೊಂಡೇ ಬರೋದು. ಹಾಗೇ ಎಡಕ್ಕೆ ಕಣ್ಣು ಹಾಯಿಸಿ, ಸಂಶೋಧನಾ ಬರಹಗಳಲ್ಲಿ ಸಜೆಸ್ಟ್ ಮಾಡೋದು ಮನುಷ್ಯರಿಗಿಂತ ಜಾಸ್ತಿ ‘ಎವಿಡೆನ್ಸ್’, ‘ಡೇಟಾ’, ‘ರಿಸಲ್ಟ್ಸ್’. ಅಲ್ಲಿ ಅದರ ಅರ್ಥ ಸಲಹೆ ಅಲ್ಲ, ಹೀಗಿರಬಹುದು ಅಂತ ಕಾಣುತ್ತೆ ಅನ್ನೋದು. ಪಿಎಚ್‌ಡಿ ಮಾಡೋರು ಇದನ್ನ ಗಮನಿಸಲೇಬೇಕು.

ಹೀಗೆ ಅರ್ಥಾನೂ ಪ್ಯಾಟರ್ನೂ ಕೈ ಹಿಡ್ಕೊಂಡೇ ಓಡಾಡುತ್ತೆ ಅನ್ನೋದನ್ನ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯಲ್ಲಿ ಭಾಷಾವಿಜ್ಞಾನಿ ಜಾನ್ ಸಿಂಕ್ಲೇರ್ ನಡೆಸಿದ ಕೋಬಿಲ್ಡ್ ಅನ್ನೋ ಡಿಕ್ಷನರಿ ಯೋಜನೆ 1980ರ ದಶಕದಲ್ಲಿ ಕಂಪ್ಯೂಟರ್ ಇಟ್ಕೊಂಡು ತೋರಿಸ್ತು. ‘ಟಾಕ್ಡ್ ಮಿ ಇನ್‌ಟು ಬೈಯಿಂಗ್’, ‘ಟ್ರಿಕ್ಡ್ ಹರ್ ಇನ್‌ಟು ಸೈನಿಂಗ್’, ‘ಫೋರ್ಸ್ಡ್ ದೆಮ್ ಇನ್‌ಟು ಸೆಲ್ಲಿಂಗ್’ ನೋಡಿ. ಪುಸಲಾಯಿಸೋದು, ಮೋಸ ಮಾಡೋದು, ಒತ್ತಾಯ ಮಾಡೋದು, ಒಟ್ನಲ್ಲಿ ಒಬ್ರ ಕೈಲಿ ಏನೋ ಮಾಡಿಸೋ ಪದಗಳೇ ಈ ಜಾಗಕ್ಕೆ ಬರುತ್ತೆ. ಒಂದು ಪದ ಹುಡುಕೋಕೆ ಹೋದವರಿಗೆ ಹತ್ತು ಸಿಗುತ್ತೆ, ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟ ಆಗೋದೂ ಇದೇ.

ಐದನೇ ಹಂತ, ಸಾಲು ಎಲ್ಲಿಂದ ಬಂತು ನೋಡೋದು. ಸಿನಿಮಾ ಡೈಲಾಗಲ್ಲಿ ಇದ್ದಿದ್ದು ಕವರ್ ಲೆಟರಿಗೆ ಆಗಲ್ಲ, ಕೋಕಾದಲ್ಲಿ ಮಾತು, ಕಥೆ, ಪೇಪರ್, ಸಂಶೋಧನೆ ಅಂತ ಬೇರೆ ಬೇರೆ ಕಾಲಮ್ ಇರುತ್ತೆ. ಗ್ಲೋಬ್ (GloWbE) ಅನ್ನೋ 190 ಕೋಟಿ ಪದದ ಕಾರ್ಪಸಲ್ಲಿ 20 ದೇಶಗಳ ವೆಬ್ ಬರಹ ಇದೆ, ನಮ್ಮದೂ ಸೇರಿ. ‘ಡಿಸ್ಕಸ್ ಅಬೌಟ್’ ಅಲ್ಲಿ ಸಿಗುತ್ತೆ, ನಾವಷ್ಟೇ ಅಲ್ಲ, ನೈಜೀರಿಯಾ, ಸಿಂಗಾಪುರದವರೂ ಬಳಸ್ತಾರೆ. ಹಾಗಾಗಿ ಇದನ್ನ ಬರೆದವರನ್ನ ದಡ್ಡರು ಅಂತ ನಗೋರನ್ನ ಕಂಡ್ರೆ ನನಗೆ ಬೇಜಾರಾಗುತ್ತೆ, ಇಷ್ಟು ದೇಶದ ಜನ ಸಹಜವಾಗಿ ಆಡೋ ಮಾತು ಅದು. ಆದ್ರೆ ಐಇಎಲ್‌ಟಿಎಸ್‌ಗೆ, ಹೊರದೇಶದ ಯೂನಿವರ್ಸಿಟಿ ಅರ್ಜಿಗೆ ‘ಅಬೌಟ್’ ತೆಗೆದೇ ಬರೀರಿ, ಅಲ್ಲಿ ಅದನ್ನ ತಪ್ಪು ಅಂತಾನೇ ನೋಡ್ತಾರೆ.

ಕೊನೇದು, ಬರ್ಕೊಳ್ಳೋದು. ಒಂಟಿ ಪದ ಬರೀಬೇಡಿ, ‘ಸಜೆಸ್ಟ್: ಸಲಹೆ ಕೊಡು’ ಅಂತ ಬರೆದ್ರೆ ಏನೂ ಉಪಯೋಗ ಇಲ್ಲ. ಕಾರ್ಪಸಲ್ಲಿ ಸಿಕ್ಕ ಒಂದು ಚಿಕ್ಕ ವಾಕ್ಯಾನ ಪೂರ್ತಿ ಬರೆದು, ಅದರ ಕೆಳಗೆ ಅದೇ ಪ್ಯಾಟರ್ನಲ್ಲಿ ನಿಮ್ಮ ಆಫೀಸಿಗೋ ಮನೆಗೋ ಸಂಬಂಧಪಟ್ಟ ಒಂದು ಸ್ವಂತ ವಾಕ್ಯ ಬರೀರಿ. ಫೋನ್ ನೋಟ್ಸ್ ಬೇಡ, ಅಲ್ಲಿ ಕಾಪಿ ಪೇಸ್ಟ್ ಆಗಿ ಅಲ್ಲೇ ಉಳ್ಕೊಳ್ಳುತ್ತೆ, ನೋಟ್‌ಬುಕ್ಕೇ ಇರಲಿ, ಮುಂದಿನ ಸಲ ಮೇಲ್ ಬರೆಯೋವಾಗ ಟೇಬಲ್ ಮೇಲೆ ತೆರೆದಿಟ್ಕೊಳ್ಳಿ.