ಕೌಳಿ: ಹಣ್ಣು ತಿನ್ನಿ, ಬೇರು ಬಿಡಿ

ಮೇ ತಿಂಗಳು ಬಂತೆಂದರೆ ನಮ್ಮ ಶಿರಸಿ ಕಡೆಯ ಬೇಣ, ಬೆಟ್ಟಗಳಲ್ಲಿ ಕೌಳಿ (ಬೇರೆ ಕಡೆ ಕವಳೆ, ಕರಂಡೆ ಅನ್ನುತ್ತಾರೆ) ಮಟ್ಟಿಗಳು ಕಪ್ಪು ಹಣ್ಣು ಹೊತ್ತು ನಿಲ್ಲುತ್ತವೆ. ಘಟ್ಟ ಇಳಿದರೆ ಕುಮಟಾ, ಅಂಕೋಲಾ ಪೇಟೆಯಲ್ಲಿ ಎಲೆಯ ಕೊಟ್ಟೆಯಲ್ಲಿ ತುಂಬಿಟ್ಟು ಮಾರುತ್ತಾರೆ. ಈಗಿನ ಹುಡುಗಿಯರು ಕೇಳುವುದು ಹೀಗೆ: "ಅತ್ತೆ, ಇದರಲ್ಲಿ ಕಬ್ಬಿಣ ಜಾಸ್ತಿಯಂತೆ, ಹೌದಾ? ಬೇರಿನ ಕಷಾಯವೂ ಒಳ್ಳೇದಂತೆ, ಮೊಬೈಲಿನಲ್ಲಿ ಬಂದಿತ್ತು." ಹಣ್ಣು ಬೇಕಾದಷ್ಟು ತಿನ್ನಿ, ಎಳೆಕಾಯಿ ಉಪ್ಪಿನಕಾಯಿ ಹಾಕಿ. ಬೇರಿನ ಸುದ್ದಿಗೆ ಮಾತ್ರ ಹೋಗಬೇಡಿ.

ಯಾಕೆ ಅಂದರೆ, ಕೌಳಿ ಕಣಗಿಲೆಯ ಬಳಗದ ಗಿಡ. ಹಾಲೆ ಮರ, ಸರ್ಪಗಂಧ, ನಿತ್ಯಪುಷ್ಪ ಎಲ್ಲ ಅದೇ ಕುಟುಂಬ. ಆ ಬಳಗದಲ್ಲಿ ಮದ್ದೂ ಇದೆ, ವಿಷವೂ ಇದೆ. ಕೌಳಿಯ ಬೇರಿನಲ್ಲಿ ಹೃದಯದ ಬಡಿತದ ಮೇಲೆ ಕೆಲಸ ಮಾಡುವ ಗ್ಲೈಕೊಸೈಡ್ ಎಂಬ ಕಹಿ ವಸ್ತುಗಳಿವೆ. ಒಂದು ಹಿಡಿ ಬೇರಿನಲ್ಲಿ ಅದು ಎಷ್ಟಿದೆ ಅಂತ ಮನೆಯಲ್ಲಿ ಅಳೆಯಲು ಬರುತ್ತದಾ? ಬಿಪಿ ಮಾತ್ರೆ, ಹೃದಯದ ಮಾತ್ರೆ ತೆಗೆದುಕೊಳ್ಳುವವರಂತೂ ಅದರ ಹತ್ತಿರ ಸುಳಿಯಬಾರದು. ಹಳೆಯ ವೈದ್ಯರು ಬೇರು ಬಳಸುತ್ತಿದ್ದರು, ನಿಜ. ಅದು ಅವರ ಕೈಯಲ್ಲಿ ಇರಬೇಕಾದದ್ದು, ನಮ್ಮ ಒಲೆಯ ಮೇಲಲ್ಲ.

ಇನ್ನು ಕಬ್ಬಿಣ. ಹಣ್ಣು ಕಪ್ಪಗಿದೆ, ಹಾಗಾಗಿ ರಕ್ತಕ್ಕೆ ಒಳ್ಳೇದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಆ ಬಣ್ಣ ಕಬ್ಬಿಣದ್ದಲ್ಲ, ಆಂಥೊಸಯಾನಿನ್ ಎಂಬ ಬಣ್ಣದ ವಸ್ತುವಿನದು. ನೇರಳೆ ಹಣ್ಣು ತಿಂದರೆ ನಾಲಿಗೆ ಬಣ್ಣ ಆಗುವುದೂ ಅದರಿಂದಲೇ. ಕೌಳಿಯ ನಿಜವಾದ ಉಪಕಾರ ಅದರ ಹುಳಿಯಲ್ಲಿದೆ. ಹಸಿ ಹಣ್ಣಿನಲ್ಲಿ ಸಿ ವಿಟಮಿನ್ ಇದೆ. ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಅದು ಸಹಾಯ ಮಾಡುತ್ತದೆ. ಅದಕ್ಕೇ ಊಟದ ಜೊತೆ ತಿನ್ನಿ. ಹರಿವೆ ಪಲ್ಯ ಮಾಡಿದ ದಿನ ಬಾಳೆಯ ತುದಿಗೆ ನಾಲ್ಕು ಹಣ್ಣು ಬಡಿಸಿ. ಊಟ ಆದ ಕೂಡಲೇ ಚಾ ಕುಡಿದರೆ ಮಾತ್ರ ಈ ಲಾಭ ಕಡಿಮೆಯಾಗುತ್ತದೆ, ಚಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಮೋಗ್ಲೋಬಿನ್ ಕೆಳಗೆ ಇಳಿದವರು ಡಾಕ್ಟರ ಮಾತ್ರೆ ಬಿಟ್ಟು ಕೌಳಿಯನ್ನೇ ನಂಬಿ ಕೂರಬಾರದು.

ಎಳೆಕಾಯಿಯ ದೊಡ್ಡ ತಕರಾರು ಹಾಲು. ತೊಟ್ಟು ಮುರಿದರೆ ಸಾಕು, ಬಿಳಿ ಸೋನೆ ಒಸರಿ ಬೆರಳೆಲ್ಲ ಅಂಟು. ಕಾಯಿ ಹೆಚ್ಚುವ ಮೊದಲು ಕೈಗೂ ಚಾಕುವಿಗೂ ತೆಂಗಿನೆಣ್ಣೆ ಸವರಿಕೊಳ್ಳಿ. ಅಂಟಿದ ಮೇಲೆ ಬರೀ ನೀರಲ್ಲಿ ತಿಕ್ಕಿ ಸುಸ್ತಾಗಬೇಡಿ, ಎಣ್ಣೆ ಹಚ್ಚಿ ಒರೆಸಿ ಆಮೇಲೆ ಸೋಪು ಹಾಕಿ. ಆ ಕೈಯನ್ನು ಕಣ್ಣಿಗೆ ತಾಗಿಸಬೇಡಿ. ಕಾಯಿಯನ್ನು ಸೀಳಿ ಉಪ್ಪುನೀರಿನಲ್ಲಿ ಒಂದು ರಾತ್ರಿ ಬಿಡಿ. ಹಾಲು, ಒಗರು ಎರಡೂ ನೀರಿಗೆ ಇಳಿಯುತ್ತವೆ. ಬೆಳಿಗ್ಗೆ ಆ ನೀರು ಚೆಲ್ಲಿ, ಬಟ್ಟೆಯ ಮೇಲೆ ಹರಡಿ ತೇವ ಆರಿಸಿ. ಆಮೇಲೆ ಉಪ್ಪು, ಸಾಸಿವೆ, ಮೆಣಸಿನ ಪುಡಿ ನಿಮ್ಮ ಮನೆಯ ರೂಢಿಯಂತೆ. ಭರಣಿ ಅಥವಾ ಗಾಜಿನ ಬಾಟಲಿಯೇ ಆಗಬೇಕು. ಇಷ್ಟು ಹುಳಿಯನ್ನು ಅಲ್ಯೂಮಿನಿಯಂ ಪಾತ್ರೆಯಲ್ಲೋ ಕಲಾಯಿ ಹೋದ ಹಿತ್ತಾಳೆಯಲ್ಲೋ ಇಟ್ಟರೆ ಲೋಹ ಪದಾರ್ಥಕ್ಕೆ ಇಳಿಯುತ್ತದೆ.

ಜಾಮ್ ಮಾಡುವವರಿಗೆ ಒಂದು ಗುಟ್ಟು. ಪೂರ್ತಿ ಕಪ್ಪಾದ ಹಣ್ಣನ್ನಷ್ಟೇ ಆರಿಸಬೇಡಿ. ಕೆಂಪು ತಿರುಗಿದ ಗಟ್ಟಿ ಕಾಯಿಗಳನ್ನೂ ಸೇರಿಸಿ. ಜಾಮ್ ಗಟ್ಟಿಯಾಗುವುದು ಪೆಕ್ಟಿನ್ನಿಂದ, ಅದು ಅರೆಹಣ್ಣಿನಲ್ಲೇ ಚೆನ್ನಾಗಿರುತ್ತದೆ. ಕೌಳಿಯಲ್ಲಿ ಪೆಕ್ಟಿನ್ನೂ ಹುಳಿಯೂ ಸಾಕಷ್ಟಿರುವುದರಿಂದ ಅಂಗಡಿಯ ಪುಡಿ ಬೇಡವೇ ಬೇಡ. ಹಣ್ಣು ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆದು, ಸಕ್ಕರೆ ಹಾಕಿ ಕಾಯಿಸಿ. ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಲ್ಲಿ ದೂಡಿದರೆ ನೆರಿಗೆ ಕಟ್ಟಬೇಕು. ಕಟ್ಟಿದ ಕೂಡಲೇ ಇಳಿಸಿ, ಜಾಸ್ತಿ ಕುದಿಸಿದಷ್ಟೂ ಬಣ್ಣ ಮಂಕಾಗುತ್ತದೆ. ಹುಳಿ ತಗ್ಗಲಿ ಅಂತ ಸೋಡಾ ಹಾಕುವವರಿದ್ದಾರೆ. ಸೋಡಾ ಬಿದ್ದರೆ ಆ ಚಂದದ ಕೆಂಪು ಹೋಗಿ ಒಂಥರಾ ನೀಲಿ ಆಗುತ್ತದೆ, ಸಿ ವಿಟಮಿನ್ನೂ ಹಾಳು. ಜಾಮ್ ನಾಲಿಗೆಗೆ ಮಾತ್ರ, ಮದ್ದು ಅಂತ ಶುಗರ್ ಇರುವವರಿಗೆ ಕೊಡಬೇಡಿ. ಬಿಪಿ ಇರುವವರಿಗೆ ಉಪ್ಪಿನಕಾಯಿಯ ವಿಷಯದಲ್ಲೂ ಅಷ್ಟೇ.

ಅಂದಹಾಗೆ, ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು 'ಚೆರ್ರಿ' ಇದೆಯಲ್ಲ, ನಮ್ಮ ದೇಶದಲ್ಲಿ ಎಷ್ಟೋ ಕಡೆ ಅದು ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಕೌಳಿಯೇ! ಬೆಟ್ಟದಲ್ಲಿ ಪುಕ್ಕಟೆ ಸಿಗುವಾಗ ಮೂಸದವರು ಅಲ್ಲಿ ಆರಿಸಿ ತಿನ್ನುತ್ತಾರೆ.

ಬೇಲಿಗೆ ಗಿಡ ಬೇಕೆಂದರೆ ಹಣ್ಣಿನ ಬೀಜವನ್ನು ಒಣಗಿಸಿ ಮುಂದಿನ ವರ್ಷಕ್ಕೆ ಎತ್ತಿಡಬೇಡಿ, ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಜಾಮಿನ ಜರಡಿಯಲ್ಲಿ ಉಳಿದದ್ದು ಬೆಂದ ಬೀಜ, ಅದು ಬೇಡ. ಹಸಿ ಹಣ್ಣಿನದನ್ನು ತೊಳೆದು ಆ ವಾರವೇ ಊರಿ. ಮಳೆ ಹಿಡಿಯುವ ಹೊತ್ತಿಗೆ ಸಸಿ ಏಳುತ್ತದೆ. ಮಕ್ಕಳು ಓಡಾಡುವ ದಾರಿಯ ಪಕ್ಕ ಮಾತ್ರ ಬೇಡ, ಮುಳ್ಳು ಜೋರು.