ಗಾಂಧಾರದಿಂದ ಮಧ್ಯಮಕ್ಕೆ: ಕೊಳಲು ಕಲಿತ ಮೊದಲ ವರ್ಷ

ನಾನು ಕೊಳಲು ಕೈಗೆತ್ತಿಕೊಂಡಾಗ ನನಗೆ ನಲವತ್ತೊಂದು. ಮೊದಲನೆಯದು ಜಾತ್ರೆಯಲ್ಲಿ ಕೊಂಡ ಆರು ರಂಧ್ರದ ಕೊಳಲು. ಎರಡು ತಿಂಗಳು ಅದನ್ನೇ ಊದಿದೆ. ನಾದವೇನೋ ಬರುತ್ತಿತ್ತು. ಆದರೆ ಮೊಬೈಲಿನಲ್ಲಿ ತಂಬೂರಿ ಹಾಕಿಕೊಂಡು ಕೂತರೆ ಷಡ್ಜ (ಸ) ಸೇರಿದ ದಿನ ಪಂಚಮ (ಪ) ಸೇರುತ್ತಿರಲಿಲ್ಲ. ತಪ್ಪು ನನ್ನ ಉಸಿರಿನದೇ ಅಂದುಕೊಂಡು ಇನ್ನಷ್ಟು ಜೋರಾಗಿ ಊದುತ್ತಿದ್ದೆ. ಕೊನೆಗೆ ಮೈಸೂರಿನಲ್ಲೇ, ನಮ್ಮ ಮನೆಗೆ ಹತ್ತಿರದಲ್ಲೇ ಪಾಠ ಹೇಳುವ ಮೇಷ್ಟ್ರೊಬ್ಬರ ಬಳಿ ಹೋದೆ. ಅವರು ಆ ಕೊಳಲನ್ನು ತಾವೇ ಊದಿ ನೋಡಿ, "ಇದರಲ್ಲಿ ನನಗೂ ಶ್ರುತಿ ಸೇರೋದಿಲ್ಲ, ನೀವು ಬೇಜಾರು ಮಾಡ್ಕೋಬೇಡಿ" ಅಂದರು. ಆ ಎರಡು ತಿಂಗಳು ನೆನೆದರೆ ಈಗಲೂ ಸಂಕಟವಾಗುತ್ತದೆ. ಹೊಸದಾಗಿ ಕಲಿಯುವವರು ಶ್ರುತಿ ಸರಿಯಿರುವ ಕೊಳಲನ್ನೇ ಕೊಳ್ಳಬೇಕು, ಕೊಳ್ಳುವ ಮೊದಲು ಬಲ್ಲವರೊಬ್ಬರಿಂದ ಊದಿಸಿ ನೋಡಬೇಕು.

ಮೇಷ್ಟ್ರು ಐದು ಮನೆ ಶ್ರುತಿಯ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಗೆ ಷಡ್ಜ ಸೇರುವ ಕೊಳಲು ತರಿಸಿಕೊಟ್ಟರು. ಕರ್ನಾಟಕ ಸಂಗೀತದ ಕೊಳಲಿಗೆ ಊದುವ ರಂಧ್ರ ಬಿಟ್ಟು ಎಂಟು ರಂಧ್ರ. ಎಡಗೈಯ ಮೂರು ಬೆರಳು, ಬಲಗೈಯ ನಾಲ್ಕು ಬೆರಳು ಏಳನ್ನು ಮುಚ್ಚುತ್ತವೆ, ಎಂಟನೆಯದು ಸದಾ ತೆರೆದೇ ಇರುತ್ತದೆ. ಶ್ರುತಿ ಇಳಿದಷ್ಟೂ ಕೊಳಲು ಉದ್ದವಾಗುತ್ತದೆ, ರಂಧ್ರಗಳ ನಡುವಿನ ಅಂತರವೂ ಹೆಚ್ಚುತ್ತದೆ. ಐದು ಮನೆಯದು ನನ್ನ ಬೆರಳುಗಳಿಗೆ ಒದಗಿತು.

ಮೊದಲ ಎರಡು ವಾರ ಬೆರಳಿಗೆ ಕೆಲಸವೇ ಇರಲಿಲ್ಲ. ಕನ್ನಡಿ ಮುಂದೆ ನಿಂತು ಊದುವುದಷ್ಟೇ. ಐದು ನಿಮಿಷಕ್ಕೆ ತಲೆ ಸುತ್ತುತ್ತಿತ್ತು. ಮೇಷ್ಟ್ರು ಕೊಳಲು ಕೆಳಗಿಡಿಸಿ, ನನ್ನ ಅಂಗೈಯನ್ನೇ ಬಾಯಿಯ ಮುಂದೆ ಹಿಡಿಸಿ ಊದಿಸಿದರು. ಗಾಳಿ ಇಡೀ ಅಂಗೈಗೆ ಬಡಿಯುತ್ತಿತ್ತು. "ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮಾತ್ರ ತಾಗಬೇಕು" ಅಂದರು. ತುಟಿಯ ಕಿಂಡಿ ಸಣ್ಣದಾಗುತ್ತಾ ಬಂದ ಹಾಗೆ ತಲೆಸುತ್ತು ನಿಂತಿತು, ನಾದದಲ್ಲಿ ಬೆರೆತಿದ್ದ ಬುಸುಗುಟ್ಟುವ ಸದ್ದೂ ಕಡಿಮೆಯಾಯಿತು. ಅಲ್ಲಿಯವರೆಗೆ ನನ್ನ ಉಸಿರಿನ ಬಹುಪಾಲು ಕೊಳಲಿನೊಳಗೆ ಹೋಗುತ್ತಲೇ ಇರಲಿಲ್ಲ.

ಆಮೇಲೆ ಸರಳೆ ವರಸೆ, ಅಂದರೆ ಸ್ವರಗಳನ್ನು ಏರಿ ಇಳಿಯುವ ಮೊದಲ ಪಾಠ, ಮಾಯಾಮಾಳವಗೌಳ ರಾಗದಲ್ಲಿ. ಎಡಗೈಯ ತೋರುಬೆರಳು, ಮಧ್ಯದ ಬೆರಳು ಎರಡೂ ಮುಚ್ಚಿದರೆ ಷಡ್ಜ. ಮಧ್ಯದ ಬೆರಳನ್ನು ಅರೆಬರೆ ಸರಿಸಿದರೆ ಶುದ್ಧ ರಿಷಭ. ಎಲ್ಲ ಬೆರಳೂ ಎತ್ತಿದರೆ ಗಾಂಧಾರ. ಇಲ್ಲಿಯವರೆಗೆ ಹಾದಿ ಸಲೀಸು. ಆದರೆ ಮುಂದಿನ ಮಧ್ಯಮಕ್ಕೆ, ಅಲ್ಲಿಯವರೆಗೆ ಗಾಳಿಯಲ್ಲಿದ್ದ ಬೆರಳುಗಳು ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಇಳಿಯಬೇಕು. ಅದೇ ಕ್ಷಣಕ್ಕೆ ಗಾಳಿಯ ವೇಗವೂ ಏರಬೇಕು, ಇಲ್ಲದಿದ್ದರೆ ಸ್ವರ ಮಂದ್ರಕ್ಕೆ, ಅಂದರೆ ಕೆಳಗಿನ ಸ್ಥಾಯಿಗೆ ಜಾರುತ್ತದೆ. ಹಾಡುವವರಿಗೆ ಗ–ಮ ನಡುವೆ ಅರ್ಧ ಹೆಜ್ಜೆ. ಕೊಳಲಿನವರಿಗೆ ಅದು ಹಳ್ಳ ದಾಟಿದ ಹಾಗೆ. ನಾನು ಆ ಹಳ್ಳದ ದಡದಲ್ಲಿ ಮೂರು ತಿಂಗಳು ಕೂತಿದ್ದೆ.

ಕಾರಣ ಸಿಕ್ಕಿದ್ದು ಒಂದು ಸಂಜೆ, ಬೆರಳಲ್ಲಿ. ಹದಿನೈದು ನಿಮಿಷ ನುಡಿಸಿ ಕೊಳಲು ಕೆಳಗಿಟ್ಟು ಕೈ ನೋಡಿಕೊಂಡೆ. ಬೆರಳುಗಳ ಮೇಲೆ ರಂಧ್ರದ ಅಚ್ಚು ಮೂಡಿತ್ತು. ಎಲ್ಲವುಗಳ ಮೇಲೂ ಪೂರ್ತಿ ಉಂಗುರ, ಬಲಗೈಯ ಉಂಗುರ ಬೆರಳಲ್ಲಿ ಮಾತ್ರ ಅರ್ಧಚಂದ್ರ. ಅಲ್ಲಿ ಗಾಳಿ ಸೋರುತ್ತಿತ್ತು. ಬೆರಳ ತುದಿಯಿಂದ ಒತ್ತುತ್ತಿದ್ದೆ, ಅದಕ್ಕೇ ಪಕ್ಕದಲ್ಲಿ ಸಂದು ಉಳಿಯುತ್ತಿತ್ತು. ತುದಿಗಿಂತ ಕೊಂಚ ಒಳಗಿನ ಮೆತ್ತನೆಯ ಭಾಗವನ್ನು ಚಪ್ಪಟೆಯಾಗಿ ಇಟ್ಟರೆ ಒತ್ತಡವೇ ಬೇಡ. ಅಂದಿನಿಂದ ಅಭ್ಯಾಸ ಮುಗಿದ ಮೇಲೆ ಏಳೂ ಬೆರಳು ನೋಡಿಕೊಳ್ಳುವುದು ರೂಢಿಯಾಯಿತು. ಸರಳೆ ಬಿಟ್ಟು ಬರೀ ಗ–ಮ, ಗ–ಮ, ಒಂದೊಂದು ಸ್ವರಕ್ಕೆ ತಾಳದ ನಾಲ್ಕು ಎಣಿಕೆ ನಿಂತು, ದಿನಕ್ಕೆ ಇಪ್ಪತ್ತು ನಿಮಿಷ. ಇಪ್ಪತ್ತೇ ನಿಮಿಷ, ಆದರೆ ಒಂದು ದಿನವೂ ತಪ್ಪಿಸದೆ. ಭಾನುವಾರವೊಂದೇ ಎರಡು ಗಂಟೆ ಕೂತು ನುಡಿಸಿದರೆ ತುಟಿ ದಣಿಯುತ್ತದೆ, ಕಲಿತದ್ದು ಉಳಿಯುವುದಿಲ್ಲ.

ಒಂದೊಂದು ಸ್ವರವನ್ನೂ ಎರಡೆರಡು ಸಲ ನುಡಿಸುವ ಜಂಟಿ ವರಸೆಗೆ ಬಂದಾಗ ನಾಲಿಗೆಯಿಂದ 'ತು' ಎಂದು ಬಿಡಿಸಿ ಬಿಡಿಸಿ ನುಡಿಸುವುದನ್ನು ಕಲಿತೆ. ಡಿಸೆಂಬರಿನ ಬೆಳಗಿನ ಜಾವ ಮಾತ್ರ ಎಷ್ಟು ಎಚ್ಚರದಿಂದ ಊದಿದರೂ ತಂಬೂರಿಗಿಂತ ಶ್ರುತಿ ಕೆಳಗೇ ನಿಲ್ಲುತ್ತಿತ್ತು. ಕೊಳಲಿನೊಳಗಿನ ಗಾಳಿ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ. ರಂಧ್ರಗಳನ್ನೆಲ್ಲ ಮುಚ್ಚಿ, ನಾದ ಬಾರದ ಹಾಗೆ ಒಂದೆರಡು ನಿಮಿಷ ಬಿಸಿಯುಸಿರು ತುಂಬಿದರೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ಬಿದಿರು ಒಣಗಿ ಸೀಳದ ಹಾಗೆ ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ತೆಳ್ಳಗೆ ಎಣ್ಣೆ ಸವರುತ್ತೇನೆ.

ಪಾಠ ಮುಗಿದ ಮೇಲೆ ಮೇಷ್ಟ್ರು ಕೆಲವೊಮ್ಮೆ ಕೊಳಲು ವಿದ್ವಾಂಸ ಮಾಲಿ, ಅಂದರೆ ಟಿ.ಆರ್. ಮಹಾಲಿಂಗಂ (1926–1986) ಅವರ ಧ್ವನಿಮುದ್ರಣ ಕೇಳಿಸುತ್ತಿದ್ದರು. ಹಾಡುಗಾರರ ಗಮಕವನ್ನು, ಅಂದರೆ ಸ್ವರವನ್ನು ತೂಗಿ ಜಾರಿಸುವ ಬಳುಕನ್ನು ಅವರು ಬಿದಿರಿನಲ್ಲಿ ತಂದಿದ್ದಾರೆ. ಅರ್ಧ ಮುಚ್ಚಿದ ರಂಧ್ರವೊಂದರ ಮೇಲೆ ಬೆರಳು ಎಷ್ಟು ಸೂಕ್ಷ್ಮವಾಗಿ ಜಾರಬಲ್ಲದು ಎಂದು ಕೇಳಿಯೇ ತಿಳಿಯಬೇಕು. ಶುದ್ಧ ರಿಷಭಕ್ಕೆ ಬೆರಳು ಎಷ್ಟು ಸರಿಸಬೇಕೆಂದು ನಾನು ಅಳೆಯುವುದನ್ನು ಬಿಟ್ಟಿದ್ದು ಅದನ್ನು ಕೇಳಿದ ಮೇಲೆಯೇ. ಕಿವಿ ಒಪ್ಪುವವರೆಗೆ ಸರಿಸುವುದು, ಅಷ್ಟೆ.

ಹತ್ತನೆಯ ತಿಂಗಳಿಗೆ ಮಲಹರಿ ರಾಗದ ಗೀತೆ, "ಶ್ರೀ ಗಣನಾಥ". ಅದು ಶುರುವಾಗುವುದೇ ಮಧ್ಯಮದಿಂದ. ಮ ಪ ದ ಸ ಸ ರಿ, ಮೊದಲ ಸಾಲಲ್ಲೇ ತಾರಸ್ಥಾಯಿ, ಅಂದರೆ ಮೇಲಿನ ಸ್ಥಾಯಿ. ಒಂದು ವಾರ ತಾರ ಷಡ್ಜ ಒಡೆಯುತ್ತಲೇ ಇತ್ತು. ಎಂಟನೆಯ ದಿನ ತುಟಿಯನ್ನು ಬಿಗಿ ಮಾಡದೆ ಬರೀ ಕಿಂಡಿಯನ್ನು ಕಿರಿದು ಮಾಡಿ ಊದಿದೆ. ರಿಷಭದವರೆಗೂ ಸ್ವರ ತುಂಡಾಗದೆ ಹೋಯಿತು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಅಲ್ಲಿಂದಲೇ "ಸಿಂಧೂರ ವರ್ಣ" ಎಂದು ಮುಂದಿನ ಪದ ಎತ್ತಿಕೊಂಡರು. ಚಿಕ್ಕಂದಿನಲ್ಲಿ ಅವರೂ ಗೀತೆಗಳವರೆಗೆ ಕಲಿತಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಐದು ಮನೆ ಅವರಿಗೆ ಸ್ವಲ್ಪ ಕೆಳಗಾಗುತ್ತಿತ್ತು. ಆದರೂ ಗೀತೆ ಮುಗಿಯುವವರೆಗೆ ಜೊತೆಗೇ ಹಾಡಿದರು.