ಮಲೆನಾಡಿನ ಮನೆಯಲ್ಲಿ ಮಾದರಿ ರೈಲು: ಹಳಿ ಹಾಸುವ ಕ್ರಮ ಮತ್ತು ನಿಂತ ಇಂಜಿನ್ ಓಡಿಸುವ ಬಗೆ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಲಗೆ ಹಿಡಿಸುವಷ್ಟು ಜಾಗವಿದ್ದರೆ ಮನೆಯಲ್ಲಿ ಮಾದರಿ ರೈಲು ಹಾಕಲು ಸಾಕು. ಆದರೆ ಸಕಲೇಶಪುರದ ಸುತ್ತಮುತ್ತ ಮನೆ ಇರುವವರು ಅಳತೆ ಪಟ್ಟಿ ಹಿಡಿಯುವ ಮೊದಲು ಕೋಣೆಯ ಗೋಡೆಯನ್ನು ಮುಟ್ಟಿ ತೇವ ಎಷ್ಟಿದೆ ಎಂದು ನೋಡಬೇಕು. ಅಟ್ಟ ಖಾಲಿ ಇದೆಯಲ್ಲ ಎಂದು ಅಲ್ಲಿಯೇ ಹಲಗೆ ಹಾಸಿದರೆ, ಆಷಾಢ ಮುಗಿಯುವಷ್ಟರಲ್ಲಿ ಹಳಿಯ ಹೊಳಪು ಹೋಗಿ, ಅಂಟಿಸಿದ ಕೃತಕ ಹುಲ್ಲಿನ ಮೇಲೆ ಬೂಷ್ಟು ಹಿಡಿದಿರುತ್ತದೆ. ನಾನು ಮೊದಲ ಸಲ ಮಾಡಿದ್ದು ಅದನ್ನೇ. ಹೊರಗೋಡೆಗೆ ತಾಗದ, ಒಗ್ಗರಣೆಯ ಜಿಡ್ಡು ತೇಲಿ ಬಾರದ ಒಳಕೋಣೆಯೇ ಉತ್ತಮ.

ಹೊಸಬರಿಗೆ ಎಚ್‌ಒ ಅಳತೆ ಅನುಕೂಲ. ಇದರಲ್ಲಿ ಪ್ರತಿಯೊಂದೂ ನಿಜದ ರೈಲಿನ 87ನೇ ಒಂದು ಪಾಲಿನಷ್ಟಿದ್ದು, ಎರಡು ಹಳಿಗಳ ನಡುವಣ ಅಂತರ 16.5 ಮಿ.ಮೀ. ಇರುತ್ತದೆ. 160ನೇ ಒಂದು ಪಾಲಿನ ಎನ್ ಅಳತೆಯಲ್ಲಿ ಈ ಅಂತರ 9 ಮಿ.ಮೀ. ಮಾತ್ರ, ಜಾಗ ಉಳಿಯುತ್ತದೆ ನಿಜ, ಆದರೆ ಚಕ್ರ ಚಿಕ್ಕದಾದಷ್ಟೂ ಧೂಳಿನ ಕಾಟ ಹೆಚ್ಚು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಆಗಿರುವುದರಿಂದ ಎಚ್‌ಒ ಲೆಕ್ಕದಲ್ಲಿ ಅದಕ್ಕೆ 19 ಮಿ.ಮೀ.ಗೂ ಮೀರಿದ ಹಳಿ ಬೇಕಿತ್ತು, 16.5ರ ಹಳಿಯ ಮೇಲೆ ಭಾರತೀಯ ಬೋಗಿ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಇದಕ್ಕಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಹಲಗೆಗೆ 12 ಮಿ.ಮೀ. ದಪ್ಪದ, ನೀರು ತಡೆಯುವ ದರ್ಜೆಯ ಪ್ಲೈವುಡ್ ತಂದು, ಮೇಲ್ಭಾಗಕ್ಕಷ್ಟೇ ಅಲ್ಲದೆ ಅಡಿಭಾಗಕ್ಕೂ ನಾಲ್ಕು ಅಂಚುಗಳಿಗೂ ಬಣ್ಣ ಬಳಿಯಬೇಕು. ಚೌಕಟ್ಟಿಗೆ ತೋಟದ ಸಿಲ್ವರ್ ಓಕ್ ಮರವನ್ನೇ ಕೊಯ್ಯಿಸುವವರು ಅದು ಪೂರ್ತಿ ಒಣಗುವವರೆಗೆ ತಾಳಬೇಕು, ಏಕೆಂದರೆ ಹಸಿ ಮರ ಒಣಗುತ್ತಾ ತಿರುಚಿಕೊಂಡರೆ ಅದರ ಮೇಲಿನ ಹಳಿಯೂ ತಿರುಚಿಕೊಳ್ಳುತ್ತದೆ. ಕಾಲುಗಳನ್ನು ನಿಲ್ಲಿಸಿದ ಮೇಲೆ ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿರಿ.

ನಮ್ಮ ಕಡೆಯವರಿಗೆ ಘಟ್ಟದ ರೈಲು ಮಾಡುವ ಆಸೆ ಸಹಜ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳಿವೆ, ಏರಿಳಿತ 50ಕ್ಕೆ 1ರಷ್ಟಿದೆ. ಅಂದರೆ ಶೇಕಡಾ 2. ಮಾದರಿ ಇಂಜಿನ್ನಿಗೂ ಅದಕ್ಕಿಂತ ಕಡಿದಾದ ಏರು ಕೊಡದಿರುವುದೇ ಕ್ಷೇಮ. ಈಗ ಲೆಕ್ಕ ಹಾಕಿ ನೋಡಿ: ಒಂದು ಹಳಿಯ ಮೇಲೆ ಇನ್ನೊಂದು ಹಾಯಬೇಕಾದರೆ ಸುಮಾರು 7.5 ಸೆಂ.ಮೀ. ಎತ್ತರ ಬೇಕು, ಅಷ್ಟು ಏರಲು 3.75 ಮೀಟರ್, ಮತ್ತೆ ಇಳಿಯಲು ಅಷ್ಟೇ. ನಮ್ಮ ಹಲಗೆಯ ಮೇಲೆ 457 ಮಿ.ಮೀ. ತ್ರಿಜ್ಯದ ತಿರುವುಗಳಿರುವ ಒಂದು ಸುತ್ತಿನ ಉದ್ದ ಆರು ಮೀಟರ್ ಕೂಡ ಆಗುವುದಿಲ್ಲ. ಆದ್ದರಿಂದ ಹಳಿಯನ್ನು ಸಮತಟ್ಟಾಗಿಯೇ ಬಿಟ್ಟು, ಅದರ ಸುತ್ತ ಥರ್ಮೋಕೋಲಿನಿಂದ ಗುಡ್ಡವೆಬ್ಬಿಸಿ ಸುರಂಗ ಕೊರೆಯುವುದೇ ಜಾಣತನ.

ಹಳಿಗಳು ನಿಕ್ಕಲ್ ಸಿಲ್ವರ್ ಎಂಬ ಮಿಶ್ರಲೋಹದವೇ ಆಗಿರಲಿ. ಹಿತ್ತಾಳೆಯವು ಬೇಗ ಕಪ್ಪಾಗುತ್ತವೆ. ಒಂದು ತುಂಡಿಗೆ ಇನ್ನೊಂದನ್ನು ಸೇರಿಸಿದಾಗಲೆಲ್ಲ ಒಳಅಂಚಿನ ಮೇಲೆ ಉಗುರು ಎಳೆದು ನೋಡಿ. ಉಗುರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಚಕ್ರವೂ ಸಿಕ್ಕಿಕೊಳ್ಳುತ್ತದೆ. ಸಣ್ಣ ಅರದಿಂದ ಉಜ್ಜಿ ಸಮ ಮಾಡಬೇಕು. ಮಳೆಗಾಲದಲ್ಲಿ ಹಲಗೆ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಕೆಲವು ಕೂಡುಗಳಲ್ಲಿ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಉಳಿಸಿರಬೇಕು.

ಹಳಿಯ ತುಂಡುಗಳನ್ನು ಸೇರಿಸುವ ಲೋಹದ ಕೂಡುಪಟ್ಟಿಗಳೇ ಸುತ್ತಿನುದ್ದಕ್ಕೂ ವಿದ್ಯುತ್ ಸಾಗಿಸುತ್ತವೆ ಎಂದು ನಂಬುವುದು ಹೊಸಬರು ಮಾಡುವ ದೊಡ್ಡ ತಪ್ಪು. ಹಲಗೆಯ ಅಡಿಯಲ್ಲಿ 1.5 ಚದರ ಮಿ.ಮೀ. ದಪ್ಪದ ಕೆಂಪು ಮತ್ತು ಕಪ್ಪು ವೈರುಗಳನ್ನು ಎಳೆದು, ಪ್ರತಿ ಮೀಟರಿಗೊಮ್ಮೆ ಅವುಗಳಿಂದ ತೆಳುವಾದ ವೈರುಗಳನ್ನು ಮೇಲಕ್ಕೆ ತಂದು ಹಳಿಯ ಹೊರಬದಿಗೆ ಬೆಸುಗೆ ಹಾಕಬೇಕು. ಒಳಹಳಿಗೆ ಯಾವಾಗಲೂ ಒಂದೇ ಬಣ್ಣ, ಹೊರಹಳಿಗೆ ಇನ್ನೊಂದು.

ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಮಾದರಿ ರೈಲಿನ ಪೆಟ್ಟಿಗೆಯಾದರೆ ಅಡಾಪ್ಟರಿನ ಹಿಂಬದಿಯ ಬರಹವನ್ನು ಓದದೆ ಪ್ಲಗ್ಗಿಗೆ ಹಾಕಬೇಡಿ. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ನನ್ನದು ಸುಟ್ಟ ವಾಸನೆ ಬಂದ ಮೇಲೆಯೇ ನಾನು ಅದನ್ನು ಓದಿದ್ದು.

ಇನ್ನು ದೋಷ ಹುಡುಕುವ ವಿಚಾರ. ಇಂಜಿನ್ ಅಲುಗದಿದ್ದರೆ ಅದನ್ನು ಬಿಚ್ಚಲು ಹೋಗಬೇಡಿ. ಮೊದಲು ರೈಲಿನ ವೇಗ ಹೆಚ್ಚು ಕಡಿಮೆ ಮಾಡುವ ಕಂಟ್ರೋಲರನ್ನು ತಿರುಗಿಸಿಟ್ಟು, ಮಲ್ಟಿಮೀಟರನ್ನು ಡಿಸಿಗೆ ಹಾಕಿ ಎರಡು ಹಳಿಗಳಿಗೂ ಮುಟ್ಟಿಸಿ. ಪೂರ್ತಿ ತಿರುಗಿಸಿದಾಗ ಸುಮಾರು 12 ವೋಲ್ಟ್ ತೋರಿದರೆ ದೋಷ ಇಂಜಿನ್ನಿನಲ್ಲಿದೆ ಅಥವಾ ಚಕ್ರದ ಕೊಳೆಯಲ್ಲಿದೆ. ಹಳಿಯಲ್ಲಿ ಏನೂ ತೋರದೆ ಕಂಟ್ರೋಲರಿನ ಬಾಯಲ್ಲಿ ಸರಿಯಾಗಿದ್ದರೆ ನಡುವೆ ಎಲ್ಲೋ ವೈರು ಬಿಟ್ಟಿದೆ. ಹಾಕಿದ ಕೂಡಲೇ ಕಂಟ್ರೋಲರ್ ಕಟ್ಟಾಗುತ್ತಿದ್ದರೆ ಅದು ಶಾರ್ಟ್. ಹಳಿಯ ಮೇಲೆ ಬಿದ್ದ ಸ್ಕ್ರೂ, ಅದಲುಬದಲಾದ ವೈರು, ಇಲ್ಲವೇ ಸುತ್ತಿ ಬಂದು ತನ್ನನ್ನೇ ಎದುರು ದಿಕ್ಕಿನಲ್ಲಿ ಸೇರುವ ಹಳಿ ಇದಕ್ಕೆ ಕಾರಣ. ಕೊನೆಯದನ್ನು ಎರಡೂ ತುದಿಗಳಲ್ಲಿ ಹಳಿ ಕತ್ತರಿಸಿ ಪ್ರತ್ಯೇಕಿಸದೆ ಬೇರೆ ದಾರಿಯಿಲ್ಲ. ಪಾಯಿಂಟಿನ, ಅಂದರೆ ಹಳಿ ಕವಲೊಡೆಯುವ ತುಂಡಿನ, ಮೇಲೆ ಮಾತ್ರ ಇಂಜಿನ್ ನಿಲ್ಲುತ್ತಿದ್ದರೆ, ಹಳಿಗಳು ಕೂಡುವ ಪ್ಲಾಸ್ಟಿಕ್ ಭಾಗದಲ್ಲಿ ವಿದ್ಯುತ್ ಇಲ್ಲದಿರುವುದೇ ಕಾರಣ. ಕಡಿಮೆ ಚಕ್ರಗಳ ಗಿಡ್ಡ ಇಂಜಿನ್‌ಗಳಿಗೆ ಇದು ಹೆಚ್ಚಾಗಿ ತಟ್ಟುತ್ತದೆ.

ಹಳಿ ತಪ್ಪುವುದಕ್ಕೂ ಹೀಗೆಯೇ ಒಂದು ಪರೀಕ್ಷೆಯಿದೆ. ಎಲ್ಲ ಬೋಗಿಗಳೂ ಒಂದೇ ಜಾಗದಲ್ಲಿ ತಪ್ಪಿದರೆ ಹಳಿಯ ದೋಷ. ಒಂದೇ ಬೋಗಿ ಎಲ್ಲ ಕಡೆಯೂ ತಪ್ಪಿದರೆ ಅದರ ಚಕ್ರಗಳ ನಡುವಣ ಅಂತರ ಕೆಟ್ಟಿದೆ ಅಥವಾ ಬೋಗಿ ತೀರ ಹಗುರವಾಗಿದೆ.

ಆದರೂ ನಮ್ಮ ಹವೆಯಲ್ಲಿ ಹತ್ತರಲ್ಲಿ ಎಂಟು ಸಲ ದೋಷವೆಂದರೆ ಕೊಳೆಯೇ. ಉಪ್ಪುಕಾಗದದಿಂದ ಉಜ್ಜಿದರೆ ಆ ಗೀರುಗಳಲ್ಲಿ ಕೊಳೆ ಇನ್ನಷ್ಟು ಬೇಗ ಕೂರುತ್ತದೆ. ಹಳೆಯ ಪಂಚೆಯ ತುಂಡಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಕಿಟಕಿ ತೆರೆದು, ವಿದ್ಯುತ್ ತೆಗೆದು, ಹತ್ತಿರ ದೀಪವಿಲ್ಲದಂತೆ ನೋಡಿಕೊಂಡು ಹಳಿ ಒರೆಸಿ. ಇಂಜಿನ್ನಿನ ಚಕ್ರಗಳಿಗಾದರೆ, ಅದೇ ಬಟ್ಟೆಯನ್ನು ಬರೀ ತೇವವಾಗುವಷ್ಟು ಹಿಂಡಿ, ಹಳಿಯ ಮೇಲಿನ ಆಲ್ಕೊಹಾಲು ಪೂರ್ತಿ ಆರಿದ ಮೇಲೆ ಹಳಿಗೆ ಅಡ್ಡಲಾಗಿ ಹಾಸಬೇಕು. ಮುಂದಿನ ಚಕ್ರಗಳನ್ನು ಬಟ್ಟೆಯ ಮೇಲೂ ಹಿಂದಿನವನ್ನು ಬರಿಯ ಹಳಿಯ ಮೇಲೂ ಇಟ್ಟು, ಇಂಜಿನ್ನನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓಡಿಸಿದರೆ ಚಕ್ರಗಳು ಜಾಗದಲ್ಲೇ ತಿರುಗುತ್ತಾ ಬಟ್ಟೆಯ ಮೇಲೆ ಕಾಡಿಗೆಯಂಥ ಎರಡು ಗೆರೆ ಬಿಡುತ್ತವೆ. ಬಟ್ಟೆ ಸರಿಸಿ ಸರಿಸಿ, ಗೆರೆ ಮಾಸುವವರೆಗೆ ಮಾಡಿ, ಆಮೇಲೆ ಇಂಜಿನ್ ತಿರುಗಿಸಿ ಹಿಂದಿನ ಚಕ್ರಗಳಿಗೂ ಹಾಗೆಯೇ ಮಾಡಿ.

ಗಿಯರಿಗೆ ಪ್ಲಾಸ್ಟಿಕ್ಕನ್ನು ಕೆಡಿಸದ ತೆಳು ಎಣ್ಣೆಯನ್ನು ಸೂಜಿಮೊನೆಯಷ್ಟು ಬಿಟ್ಟರೆ ಸಾಕು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಾಕಿದರೆ ಮಾಗಿಯ ಚಳಿಗೆ ಅದು ಹೆಪ್ಪುಗಟ್ಟಿ ಮೋಟಾರು ಮುಲುಗುತ್ತದೆ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟಿದ ಕೂಡಲೇ ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಜೂನ್ ಬಂದ ಮೇಲೆ ಇಂಜಿನ್‌ಗಳನ್ನು ಸಿಲಿಕಾ ಜೆಲ್ ಚೀಲಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ವಾರಕ್ಕೊಮ್ಮೆ ಹಳಿ ಒರೆಸಿ ಹತ್ತು ನಿಮಿಷ ಓಡಿಸಿ, ಮತ್ತೆ ಡಬ್ಬಿಗೆ ಸೇರಿಸಿ.